ರಿಯಲ್‌ಆಡಿಯೊ ಫೈಲ್ ಹಾಡುತ್ತಿಲ್ಲವೇ? ಬಾಲ ಬಿಡಿ, ತಲೆ ನೋಡಿ

ನಮ್ಮ ಸೋದರತ್ತೆ ಕೊಟ್ಟ ಸಿಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಅಮ್ಮನ ಹಾಡು, 2001’ ಎಂದು ಬರೆದಿತ್ತು. ಒಳಗೆ 71 ಫೈಲ್‌ಗಳಿದ್ದವು. ಹೆಚ್ಚಿನವುಗಳ ಹೆಸರಿಗೆ ಆರ್‌ಎಂ ಎಂಬ ಬಾಲ, ಕೆಲವಕ್ಕೆ ಆರ್‌ಎ, ಒಂದಷ್ಟಕ್ಕೆ ಆರ್‌ಎಎಂ, ಒಂದಕ್ಕೆ ಮಾತ್ರ ಆರ್‌ಎಂಜೆ. ಅತ್ತೆಯ ದೂರು ಒಂದೇ ಮಾತಿನದು: ಯಾವುದೂ ಹಾಡುತ್ತಿಲ್ಲ. ಡಾಕ್ಟರ ಮುಂದೆ ಕುಳಿತು ‘ಹೊಟ್ಟೆನೋವು’ ಎಂದಷ್ಟೇ ಹೇಳಿದ ಹಾಗೆ. ನೋವು ಒಂದೇ ಆದರೂ ಕಾಯಿಲೆ ಒಂದೇ ಆಗಿರಬೇಕಿಲ್ಲ. ಆ 71ರಲ್ಲಿ ಕೊನೆಗೆ ನನಗೆ ಸಿಕ್ಕಿದ್ದು ಏಳು ಬಗೆಯ ಸಂಗತಿಗಳು. ಅದರಲ್ಲಿ ಒಂದು ಬಗೆಗಂತೂ ಯಾವ ಕಾಯಿಲೆಯೂ ಇರಲಿಲ್ಲ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ರಿಯಲ್‌ಆಡಿಯೊ ಎಂಬುದು ಸಿಯಾಟಲ್‌ನ ಪ್ರೋಗ್ರೆಸಿವ್ ನೆಟ್‌ವರ್ಕ್ಸ್ ಕಂಪನಿ 1995ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಖಾಸಗಿ ಧ್ವನಿ ಸಂಕೋಚನ ಮಾದರಿ. ಮೈಕ್ರೋಸಾಫ್ಟ್ ಬಿಟ್ಟು ಬಂದ ರಾಬ್ ಗ್ಲೇಸರ್ ಕಟ್ಟಿದ ಈ ಕಂಪನಿಯೇ 1997ರಲ್ಲಿ ರಿಯಲ್‌ನೆಟ್‌ವರ್ಕ್ಸ್ ಎಂದು ಹೆಸರು ಬದಲಿಸಿಕೊಂಡಿತು. ಅದೇ 1995ರ ಸೆಪ್ಟೆಂಬರ್ 5ರಂದು ಸಿಯಾಟಲ್ ಮ್ಯಾರಿನರ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ತಂಡಗಳ ಬೇಸ್‌ಬಾಲ್ ಪಂದ್ಯದ ವೀಕ್ಷಕ ವಿವರಣೆ ಅಂತರ್ಜಾಲದಲ್ಲಿ ನೇರವಾಗಿ ಕೇಳಿಸಿದ್ದು ಇದರ ಮೂಲಕವೇ. ಫೋನಿನ ತಂತಿಯಲ್ಲಿ ಕಿರಿಚುತ್ತ ಕೂಡಿಕೊಳ್ಳುತ್ತಿದ್ದ ಮೋಡೆಮ್‌ಗಳ ಕಾಲ ಅದು. ಐದು ನಿಮಿಷದ ಹಾಡನ್ನು ಸಿಡಿಯ ಗುಣಮಟ್ಟದಲ್ಲೇ ಕಳುಹಿಸಲು ಸೆಕೆಂಡಿಗೆ 28.8 ಕಿಲೋಬಿಟ್ ಸಾಗಿಸುವ ಮೋಡೆಮ್‌ಗೆ ನಾಲ್ಕು ಗಂಟೆ ಬೇಕು. ಸೆಕೆಂಡಿಗೆ 20 ಕಿಲೋಬಿಟ್‌ನ ರಿಯಲ್‌ಆಡಿಯೊ ಆಗಿದ್ದರೆ ಅದೇ ಹಾಡು 750 ಕಿಲೋಬೈಟ್‌ಗೆ ಇಳಿದು ಮೂರೂವರೆ ನಿಮಿಷದಲ್ಲಿ ಬಂದು ಮುಟ್ಟುತ್ತಿತ್ತು. ಹೊರದೇಶದಲ್ಲಿದ್ದ ಕನ್ನಡಿಗರು ಊರಿನ ಹಾಡು ಕೇಳಲು ಆಗ ಈ ನೀಲಿ ಪ್ಲೇಯರನ್ನೇ ನೆಚ್ಚಿಕೊಂಡಿದ್ದರು. ನಮ್ಮ ಮನೆಯಲ್ಲಿ ಅಜ್ಜಿಯ ಸಂಪ್ರದಾಯದ ಹಾಡುಗಳ ಕ್ಯಾಸೆಟ್‌ಗಳನ್ನು ಯಾರೋ ಕೂತು ಆರ್‌ಎಂ ಮಾಡಿದ್ದೂ ಇದೇ ಕಾರಣಕ್ಕೆ, ಅಮೆರಿಕದಲ್ಲಿದ್ದ ಅತ್ತೆಗೆ ಕಳುಹಿಸಲು.

ಇನ್ನು ಕೆಲಸ. ಸಿಡಿಯಿಂದ ಎಲ್ಲವನ್ನೂ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಆ ಪ್ರತಿಯನ್ನೂ ಮುಟ್ಟಬೇಡಿ, ಅದರ ಇನ್ನೊಂದು ನಕಲಿನ ಮೇಲೆ ಕೈ ಹಚ್ಚಿ. ಬೇಕಾದ ಸಾಮಾನು ಮೂರೇ: ಫೈಲಿನ ಬೈಟ್‌ಗಳನ್ನು ನೇರವಾಗಿ ತೋರಿಸುವ ಯಾವುದಾದರೂ ಹೆಕ್ಸ್ ಎಡಿಟರ್, ಧ್ವನಿಯನ್ನು ಒಂದು ಮಾದರಿಯಿಂದ ಇನ್ನೊಂದಕ್ಕೆ ಪರಿವರ್ತಿಸುವ ಇತ್ತೀಚಿನ ಎಫ್‌ಎಫ್‌ಎಂಪೆಗ್ ಮತ್ತು ಅದರೊಂದಿಗೇ ಬರುವ, ಫೈಲಿನೊಳಗೆ ಏನಿದೆ ಎಂದು ಪಟ್ಟಿ ಕೊಡುವ ಎಫ್‌ಎಫ್‌ಪ್ರೋಬ್. ಹಳೆಯ ರಿಯಲ್‌ಪ್ಲೇಯರನ್ನು ಎಲ್ಲಿಂದಲೋ ಹುಡುಕಿ ಹಾಕಿಕೊಳ್ಳುವುದು ಬೇಡ. ಅದು ‘ಆಗುವುದಿಲ್ಲ’ ಎನ್ನುತ್ತದೆಯೇ ಹೊರತು ಏಕೆ ಆಗುವುದಿಲ್ಲ ಎಂಬುದನ್ನು ಹೇಳುವುದಿಲ್ಲ. ರೋಗ ಪತ್ತೆಗೆ ಏಕೆ ಎಂಬುದೇ ಮುಖ್ಯ.

ಮೊದಲ ನಾಲ್ಕು ಬೈಟ್

ಫೈಲಿನ ಬಾಲ ಯಾರು ಬೇಕಾದರೂ ಅಂಟಿಸಬಹುದಾದ ಚೀಟಿ. ಆರ್‌ಎ ಎಂದಿರುವುದನ್ನು ಆರ್‌ಎಂ ಎಂದು ತಿದ್ದಿದವರು, ಆರ್‌ಎಎಂ ಅನ್ನು ಕೈತಪ್ಪು ಎಂದುಕೊಂಡು ಆರ್‌ಎ ಮಾಡಿದವರು ನಮ್ಮ ಮನೆಯಲ್ಲೇ ಇದ್ದಾರೆ. ಆದ್ದರಿಂದ ಹೆಕ್ಸ್ ಎಡಿಟರಿನಲ್ಲಿ ಫೈಲ್ ತೆರೆದು ಮೊದಲ ನಾಲ್ಕು ಬೈಟ್ ನೋಡಿ. ಸಂಖ್ಯೆಗಳನ್ನು ದಶಮಾನದಲ್ಲಿ ತೋರಿಸುವಂತೆ ಹೊಂದಿಸಿಕೊಂಡರೆ ಓದಲು ಸುಲಭ.

46, 82, 77, 70 ಇದ್ದರೆ ಅದು ರಿಯಲ್‌ಮೀಡಿಯಾ ಪೆಟ್ಟಿಗೆ, ಅಂದರೆ ಕುಗ್ಗಿಸಿದ ಧ್ವನಿಯನ್ನು ತುಂಬಿಡುವ ಫೈಲ್ ಮಾದರಿ. ಪಕ್ಕದ ಅಕ್ಷರಗಳ ಅಂಕಣದಲ್ಲಿ ಒಂದು ಚುಕ್ಕೆ, ಆಮೇಲೆ ದೊಡ್ಡಕ್ಷರದಲ್ಲಿ ಆರ್, ಎಂ, ಎಫ್ ಕಾಣುತ್ತದೆ. 46, 114, 97, 253 ಇದ್ದರೆ ಅದಕ್ಕಿಂತ ಹಳೆಯ, ಬರೀ ಧ್ವನಿಯ ಆರ್‌ಎ ಪೆಟ್ಟಿಗೆ. ಇವೆರಡರಲ್ಲಿ ಒಂದು ಸಿಕ್ಕರೆ ಒಳಗೆ ಧ್ವನಿ ಇದೆ ಅಥವಾ ಒಂದು ಕಾಲಕ್ಕೆ ಇತ್ತು ಎಂದು ನಂಬಬಹುದು. ಮೊದಲ ಬೈಟ್ 60 ಆಗಿದ್ದರೆ, ಅಂದರೆ ಎಡಕ್ಕೆ ಬಾಗಿದ ಕೋನದ ಚಿಹ್ನೆ ಆಗಿದ್ದರೆ, ನಿಮ್ಮ ಕೈಯಲ್ಲಿರುವುದು ಹಾಡಲ್ಲ, ಜಾಲಪುಟ. ನಮ್ಮ ಸಿಡಿಯಲ್ಲಿ ಇಂಥವು ಐದಿದ್ದವು. ಐದೂ ಆರ್‌ಎಂ ಬಾಲ ಹೊತ್ತು, ಒಳಗೆ ‘ಈ ಪುಟ ಸಿಗಲಿಲ್ಲ’ ಎಂಬ ಸಂದೇಶವನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಜತನವಾಗಿ ಕಾಪಾಡಿಕೊಂಡು ಬಂದಿದ್ದವು. ಸರ್ವರ್ ಕೊಟ್ಟ ನಿರಾಕರಣೆಯನ್ನೇ ಹಾಡೆಂದು ಬಗೆದು ಉಳಿಸಿಕೊಂಡಿದ್ದರು. ಇದಕ್ಕೆ ಮದ್ದಿಲ್ಲ, ಅಳಿಸಿಹಾಕಿ.

ಹಾಡಿಲ್ಲದ ಹಾಡಿನ ಫೈಲ್

ಅಳತೆ ನೂರಿನ್ನೂರು ಬೈಟ್ ಇದ್ದರೆ ಹೆಕ್ಸ್ ಎಡಿಟರ್ ಕೂಡ ಬೇಡ, ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಒಂದೋ ಎರಡೋ ಸಾಲಿನ ವಿಳಾಸ ಕಾಣುತ್ತದೆ. ಆರ್‌ಟಿಎಸ್‌ಪಿ ಎಂದೋ ಪಿಎನ್‌ಎಂ ಎಂದೋ ಶುರುವಾಗುವ ವಿಳಾಸ ಅದು. ಇದೇ ಆರ್‌ಎಎಂ. ಹಾಡು ಎಲ್ಲಿದೆ ಎಂದು ಪ್ಲೇಯರಿಗೆ ತಿಳಿಸುವ ಚೀಟಿ, ಅಷ್ಟೇ. ಚೀಟಿಯನ್ನು ಸಿಡಿಗೆ ಬರೆದು ಹಾಡು ಉಳಿಯಿತೆಂದು ನೆಮ್ಮದಿಯಾಗಿದ್ದವರು ಲೆಕ್ಕವಿಲ್ಲದಷ್ಟು ಜನ. ನಮ್ಮ ಸಿಡಿಯಲ್ಲಿ ಇಂಥ ಚೀಟಿಗಳು ಹದಿನಾಲ್ಕು, ಎಲ್ಲವೂ ಆ ಕಾಲದ ಒಂದು ಸಂಗೀತ ತಾಣದವು. ಆ ತಾಣ ಮುಚ್ಚಿ ಎಷ್ಟೋ ವರ್ಷವಾಗಿದೆ.

ಹಾಗೆಂದು ಇದನ್ನು ಕೂಡಲೇ ಎಸೆಯಬೇಡಿ. ಪಿಎನ್‌ಎಂ ರಿಯಲ್‌ಆಡಿಯೊದ ಮೊದಲ ವರ್ಷಗಳ ಸಾಗಣೆ ಕ್ರಮ, 7070ನೇ ಪೋರ್ಟಿನ ಮೂಲಕ ಹೋಗುತ್ತಿತ್ತು. ಆರ್‌ಟಿಎಸ್‌ಪಿ 1998ರಲ್ಲಿ ಮಾನಕವಾಗಿ ಪ್ರಕಟವಾಯಿತು, ಅದರ ಪೋರ್ಟ್ 554. ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಜಾಲಪುಟಗಳನ್ನು ಹಿಡಿಯುವ ಬಲೆ. ಈ ಎರಡು ದಾರಿಯಲ್ಲಿ ಹರಿದ ಧ್ವನಿ ಅದಕ್ಕೆ ಸಿಕ್ಕುವುದಿಲ್ಲ. ಆದರೆ ಅದೇ ಫೈಲನ್ನು ಮಾಮೂಲಿ ಎಚ್‌ಟಿಟಿಪಿ ದಾರಿಯಲ್ಲೂ ಇಟ್ಟಿದ್ದ ತಾಣಗಳಿದ್ದವು. ಹಾಗಾಗಿ ವಿಳಾಸದ ಮೊದಲ ತುಂಡನ್ನು ಎಚ್‌ಟಿಟಿಪಿ ಎಂದು ಬದಲಿಸಿ ಆರ್ಕೈವ್‌ನಲ್ಲಿ ಹುಡುಕಿ. ವಿಳಾಸದ ನಡುವೆ ‘ರಾಮ್‌ಜೆನ್’ ಎಂಬ ತುಂಡಿದ್ದರೆ ಕಿತ್ತು ಹಾಕಿ. ರಿಯಲ್‌ಸರ್ವರ್ ತಾನೇ ಚೀಟಿ ಬರೆದುಕೊಡಲು ಇಟ್ಟುಕೊಂಡಿದ್ದ ಹುಸಿ ಫೋಲ್ಡರ್ ಅದು, ನಿಜವಾದ ದಾರಿಯಲ್ಲಿ ಅದಿಲ್ಲ. ಕೊನೆಯಲ್ಲಿ ಪ್ರಶ್ನಾರ್ಥಕದ ನಂತರ ಆರಂಭದ ಸಮಯ, ಮುಕ್ತಾಯದ ಸಮಯ ಬರೆದಿದ್ದರೆ ಅದನ್ನೂ ಕತ್ತರಿಸಿ, ಆದರೆ ಬೇರೆಡೆ ಬರೆದಿಟ್ಟುಕೊಳ್ಳಿ. ಒಂದು ಗಂಟೆಯ ಕಛೇರಿಯಲ್ಲಿ ನಿಮ್ಮ ಹಾಡು ಎಲ್ಲಿತ್ತು ಎಂಬುದಕ್ಕೆ ಉಳಿದಿರುವ ಗುರುತು ಅದೊಂದೇ. ಹದಿನಾಲ್ಕರಲ್ಲಿ ನನಗೆ ಹೀಗೆ ಸಿಕ್ಕಿದ್ದು ಮೂರು.

ಒಳಗಿರುವ ಕೋಡೆಕ್ ಯಾವುದು?

ಪೆಟ್ಟಿಗೆ ಸರಿಯಿದೆ, ಆದರೂ ಪ್ಲೇಯರ್ ಮೌನವಾಗಿದೆ ಎಂದಾದರೆ ಎಫ್‌ಎಫ್‌ಪ್ರೋಬ್ ಓಡಿಸಿ. ಕೋಡೆಕ್ ಎಂದರೆ ಧ್ವನಿಯನ್ನು ಕುಗ್ಗಿಸಿ ಮತ್ತೆ ಬಿಡಿಸುವ ಕ್ರಮ. ರಿಯಲ್‌ಆಡಿಯೊ ಎಂಬುದು ಒಂದು ಕೋಡೆಕ್ಕಿನ ಹೆಸರಲ್ಲ, ಒಂದು ಮನೆತನದ ಹೆಸರು. ಫೈಲಿನ ತಲೆಭಾಗದಲ್ಲಿ ನಾಲ್ಕಕ್ಷರದ ಗುರುತಿನಲ್ಲಿ ಯಾವ ಪೀಳಿಗೆಯದು ಎಂದು ಬರೆದಿರುತ್ತದೆ. 14_4 ಎಂದರೆ ಮೊದಲನೆಯದು: ಸೆಕೆಂಡಿಗೆ 8 ಕಿಲೋಬಿಟ್, 8000 ಹರ್ಟ್ಜ್, ಒಂದೇ ಚಾನೆಲ್. 28_8 ಎಂದರೆ ಎರಡನೆಯದು, ಸುಮಾರು 15 ಕಿಲೋಬಿಟ್. ಡಿನೆಟ್ ಎಂದರೆ ಡಾಲ್ಬಿಯ ಎಸಿ-3 ಕೋಡೆಕ್ಕನ್ನೇ ಬೈಟ್‌ಗಳ ಜೋಡಿ ತಿರುಗಿಸಿ ತುಂಬಿದ್ದು. ಸಿಪ್ರ್ ಎಂಬುದು ಮಾತಿಗೆಂದೇ ಹೊರಗಿನಿಂದ ಪಡೆದ ಕೋಡೆಕ್. ಕುಕ್ ಎಂಬುದು 1998ರ ಜಿ2 ಪೀಳಿಗೆಯದು, ಬರೆದ ಎಂಜಿನಿಯರ್ ಹೆಸರು ಕೆನ್ ಕುಕ್. ಅಡುಗೆಗೂ ಅದಕ್ಕೂ ಸಂಬಂಧವಿಲ್ಲ. ಎಟಿಆರ್‌ಸಿ ಎಂದಿದ್ದರೆ ಸೋನಿಯ ಅಟ್ರ್ಯಾಕ್-3, ಆರ್‌ಎಎಸಿ ಎಂದಿದ್ದರೆ ಇಂದಿಗೂ ಬಳಕೆಯಲ್ಲಿರುವ ಎಎಸಿ. ಇವೆಲ್ಲವನ್ನೂ ಇಂದಿನ ಎಫ್‌ಎಫ್‌ಎಂಪೆಗ್ ಬಿಡಿಸುತ್ತದೆ. ಅದನ್ನೇ ಒಳಗಿಟ್ಟುಕೊಂಡ ವಿಎಲ್‌ಸಿಯೂ ನುಡಿಸುತ್ತದೆ. ನಿಮ್ಮಲ್ಲಿ ಮಾತ್ರ ಆಗುತ್ತಿಲ್ಲ ಎಂದರೆ ಬಹುತೇಕ ನಿಮ್ಮ ಆವೃತ್ತಿ ಹಳೆಯದು, ಇಲ್ಲವೇ ಯಾರೋ ಕೆಲವು ಕೋಡೆಕ್‌ಗಳನ್ನು ಕೈಬಿಟ್ಟು ಕಟ್ಟಿದ್ದು. ಹೊಸದನ್ನು ಹಾಕಿಕೊಂಡ ಕೂಡಲೇ ನಮ್ಮ 38 ಆರ್‌ಎಂ, 6 ಆರ್‌ಎ ಫೈಲ್‌ಗಳು ಬಾಯಿ ತೆರೆದವು. 38ಕ್ಕೆ 38ರಲ್ಲೂ ಕುಕ್ ಇತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನು ವಿವರವಾಗಿಯೇ ಹೇಳಬೇಕು. 38ನ್ನೂ ಒಂದೇ ಏಟಿಗೆ ಪರಿವರ್ತಿಸಿ, ಅತ್ತೆಗೆ ಕಳುಹಿಸಿ, ಕೈ ತೊಳೆದುಕೊಂಡೆ. ವಾರದ ಮೇಲೆ ಅತ್ತೆ ಫೋನ್ ಮಾಡಿ ‘ಅಮ್ಮನ ದನಿ ನೀರಿನೊಳಗಿನಿಂದ ಬಂದಂತಿದೆ, ಆಗ ಹೀಗಿರಲಿಲ್ಲ’ ಎಂದರು. ನೆನಪಿನಲ್ಲಿ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾಗುವವನಿದ್ದೆ. ಆದರೆ ಒಂದು ಲೆಕ್ಕ ಕೊರೆಯುತ್ತಿತ್ತು. 20 ಕಿಲೋಬಿಟ್ ಎಂದರೆ ನಿಮಿಷಕ್ಕೆ 150 ಕಿಲೋಬೈಟ್. ನಾಲ್ಕು ನಿಮಿಷದ ಹಾಡು 600 ಇರಬೇಕು, ಫೈಲ್ 1560 ಇತ್ತು. ಉಳಿದ 960 ಕಿಲೋಬೈಟ್ ಏನು?

ಶ್ಯೂರ್‌ಸ್ಟ್ರೀಮ್! ಜಿ2 ಪೀಳಿಗೆಯಲ್ಲಿ ರಿಯಲ್‌ನೆಟ್‌ವರ್ಕ್ಸ್ ಒಂದೇ ಫೈಲಿನೊಳಗೆ ಒಂದೇ ಹಾಡಿನ ಹಲವು ಪ್ರತಿಗಳನ್ನು ಬೇರೆ ಬೇರೆ ಬಿಟ್‌ರೇಟಿನಲ್ಲಿ ಹುದುಗಿಸುವ ಉಪಾಯ ತಂದಿತ್ತು. ಕೇಳುಗನ ಮೋಡೆಮ್ ಎಷ್ಟು ತಾಳುತ್ತದೋ ನೋಡಿ ಸರ್ವರ್ ಅದಕ್ಕೆ ಒಗ್ಗುವ ಧಾರೆಯನ್ನು ಹರಿಸುತ್ತಿತ್ತು. ನಮ್ಮ ಫೈಲಿನಲ್ಲಿ 20 ಕಿಲೋಬಿಟ್‌ನ ಸ್ಟೀರಿಯೊ ಧಾರೆ ಒಂದು, 32 ಕಿಲೋಬಿಟ್‌ನ ಮೊನೊ ಧಾರೆ ಒಂದು. ಎರಡೂ ಸೇರಿ ನಿಮಿಷಕ್ಕೆ 390 ಕಿಲೋಬೈಟ್, ನಾಲ್ಕು ನಿಮಿಷಕ್ಕೆ 1560. ಲೆಕ್ಕ ಕೂಡಿತು. ನೀವು ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಹೆಚ್ಚು ಚಾನೆಲ್ ಇರುವ ಧಾರೆಯನ್ನು ಹಿಡಿಯುತ್ತದೆ. ಹಾಗಾಗಿ ಅದು ಹಿಡಿದದ್ದು 20ರ ಸ್ಟೀರಿಯೊವನ್ನು. ಒಬ್ಬಳೇ ಅಜ್ಜಿ, ಒಂದೇ ಮೈಕು, ಮೊನೊ ಕ್ಯಾಸೆಟ್. ಅದಕ್ಕೆ ಸ್ಟೀರಿಯೊ ಯಾಕೆ? ಇದ್ದ 20 ಕಿಲೋಬಿಟ್ ಕೂಡ ಎರಡು ಪಾಲಾಗಿ ದನಿ ಇನ್ನಷ್ಟು ಸೊರಗಿತ್ತು. ಎಫ್‌ಎಫ್‌ಪ್ರೋಬ್ ಪಟ್ಟಿಯಲ್ಲಿ ಧಾರೆಗಳೆಷ್ಟು ಎಂದು ನೋಡಿ, ಮ್ಯಾಪ್ ಆಯ್ಕೆಯಲ್ಲಿ ಬೇಕಾದ ಧಾರೆಯ ಸಂಖ್ಯೆಯನ್ನು ಕೈಯಾರೆ ಬರೆಯಿರಿ. ಫೈಲಿನ ಅಳತೆಯನ್ನು ಬಿಟ್‌ರೇಟ್ ಮತ್ತು ಅವಧಿಯ ಗುಣಲಬ್ಧದೊಂದಿಗೆ ತಾಳೆ ನೋಡುವ ಅಭ್ಯಾಸ ಇಟ್ಟುಕೊಂಡರೆ ಈ ದೋಷ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. 38ನ್ನೂ ಮತ್ತೆ ಮಾಡಿದೆ. ಅತ್ತೆಯ ನೆನಪು ಸರಿಯಾಗಿತ್ತು.

ದೋಷವಲ್ಲದ ದೋಷ

ಆರು ಆರ್‌ಎ ಫೈಲ್‌ಗಳ ಕಥೆ ಬೇರೆ. ನಾಲ್ಕರಲ್ಲಿ 14_4, ಎರಡರಲ್ಲಿ 28_8. ದನಿ ಹಳೆಯ ಟ್ರಂಕ್ ಕಾಲ್‌ನಂತೆ ಇತ್ತು. ಇದನ್ನು ರಿಪೇರಿ ಮಾಡಲು ಹೋಗಬೇಡಿ, ಇದು ಅದರ ಹುಟ್ಟುಗುಣ. 8000 ಹರ್ಟ್ಜ್‌ನಲ್ಲಿ ಮಾದರಿ ತೆಗೆದರೆ 4000 ಹರ್ಟ್ಜ್‌ಗಿಂತ ಮೇಲಿನ ಯಾವುದೂ ಉಳಿಯುವುದಿಲ್ಲ. ಸಕಾರದ ಸೀತ್ಕಾರ ಹೆಚ್ಚಾಗಿ ಇರುವುದೇ ಅಲ್ಲಿ, ತಂಬೂರಿಯ ಜೀವಾಳದ ಝೇಂಕಾರದ ಒಂದು ಪಾಲೂ ಅಲ್ಲಿಯೇ. ಮೇಲಾಗಿ ಈ ಎರಡೂ ಕೋಡೆಕ್‌ಗಳು ಮನುಷ್ಯನ ಗಂಟಲು ಮಾತಾಡುವ ರೀತಿಯನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದವು. ಹರಿಕಥೆಯ ಮಾತು, ಗಮಕ ವಾಚನ ತಕ್ಕಮಟ್ಟಿಗೆ ದಾಟಿ ಬರುತ್ತವೆ. ತಾಳ, ಹಾರ್ಮೋನಿಯಂ, ಗಂಟೆ ಜೊತೆಗೂಡಿದರೆ ಕೋಡೆಕ್ ಕಕ್ಕಾಬಿಕ್ಕಿಯಾಗುತ್ತದೆ. ಗದ್ದಲ ತೆಗೆಯುವ ಫಿಲ್ಟರ್ ಹಾಕಿದರೆ ಉಳಿದಿರುವ ಚೂರುಪಾರೂ ಹೋಗುತ್ತದೆ. ಒಮ್ಮೆ ಹಾಕಿ ನೋಡಿದೆ. ಅಜ್ಜಿ ನೆಗಡಿಯಾದ ರೋಬಾಟ್ ಆದರು.

ಹಾಗಾದರೆ ನಿಜವಾದ ಕೆಡುಕನ್ನು ಹುಟ್ಟುಗುಣದಿಂದ ಬೇರ್ಪಡಿಸುವುದು ಹೇಗೆ? ಹುಟ್ಟುಗುಣ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರುತ್ತದೆ. ಕೆಡುಕು ಒಂದು ಜಾಗದಲ್ಲಿ ಶುರುವಾಗುತ್ತದೆ. ಎಲ್ಲೋ ನಡುವೆ ಕೆಲವು ಸೆಕೆಂಡು ಚಿಟಿಚಿಟಿ ಸದ್ದು ಚದುರಿಕೊಂಡು ಬಂದು ಮತ್ತೆ ತಾನಾಗಿ ಸರಿಹೋದರೆ ಸಿಡಿಯ ಗೀರನ್ನು ಅನುಮಾನಿಸಿ. ಸಿಡಿಯ ಒಂದು ಸೆಕ್ಟರ್ 2048 ಬೈಟ್, 20 ಕಿಲೋಬಿಟ್ ಲೆಕ್ಕದಲ್ಲಿ ಸುಮಾರು 0.8 ಸೆಕೆಂಡಿನ ಹಾಡು. ಅಷ್ಟೂ ಒಟ್ಟಿಗೆ ಮಾಯವಾಗದೆ ಚೂರುಚೂರಾಗಿ ಹೋಗುವುದಕ್ಕೆ ಕಾರಣ, ದಾರಿಯಲ್ಲಿ ಪ್ಯಾಕೆಟ್ ಕಳೆದರೂ ಕಿವಿಗೆ ರಾಚದಿರಲಿ ಎಂದು ರಿಯಲ್‌ಆಡಿಯೊ ತುಣುಕುಗಳನ್ನು ಇಸ್ಪೀಟಿನಂತೆ ಕಲಸಿ ತುಂಬುತ್ತಿತ್ತು. ಸಿಡಿ ಒರೆಸಿ, ಬೇರೆ ಡ್ರೈವಿನಲ್ಲಿ ಹಾಕಿ, ಕೆಟ್ಟ ಜಾಗಗಳನ್ನು ಮತ್ತೆ ಮತ್ತೆ ಓದಲು ಯತ್ನಿಸುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ ಮತ್ತೆ ಓದಿಸಿ. ಒಂದು ಡ್ರೈವಿಗೆ ಸಿಗದ ಸೆಕ್ಟರ್ ಇನ್ನೊಂದಕ್ಕೆ ಸಿಗುವುದು ಅಪರೂಪವೇನಲ್ಲ.

ಹಾಡು ನಡುವೆಯೇ ನಿಂತುಹೋಗುವ ಮೂರು ಫೈಲ್‌ಗಳಿದ್ದವು. ತಲೆಭಾಗದಲ್ಲಿ ಅವಧಿ ಬರೆದಿರುತ್ತದೆ. ಒಂದರಲ್ಲಿ 6 ನಿಮಿಷ 12 ಸೆಕೆಂಡ್ ಎಂದಿತ್ತು, ದನಿ ಇದ್ದದ್ದು 4 ನಿಮಿಷ. ಇಳಿಸಿಕೊಳ್ಳುವಾಗ ಫೋನ್ ಸಂಪರ್ಕ ಕಡಿದಿದೆ, ಅಥವಾ ಮನೆಯಲ್ಲಿ ಯಾರೋ ಫೋನ್ ಎತ್ತಿದ್ದಾರೆ. ಹೋದದ್ದು ಹೋಯಿತು. ಯಾವ ಕ್ಷಣದ ದನಿ ಫೈಲಿನಲ್ಲಿ ಎಲ್ಲಿದೆ ಎಂದು ಹೇಳುವ, ಕೊನೆಯಲ್ಲಿರಬೇಕಾದ ಸೂಚಿಯೂ ಇಲ್ಲದ ಕಾರಣ ಮುಂದಕ್ಕೆ ಹಿಂದಕ್ಕೆ ಸರಿಸಲು ಬರುವುದಿಲ್ಲ, ಆದರೆ ಇದ್ದಷ್ಟನ್ನು ಪರಿವರ್ತಿಸಿದರೆ ಆ ತೊಂದರೆ ಹೋಗುತ್ತದೆ.

ತಲೆ ಸರಿ, ಮೈ ಕೆಟ್ಟಿದೆ

ಅತಿ ಹೆಚ್ಚು ಕಾಡಿದ್ದು ನಾಲ್ಕು ಫೈಲ್‌ಗಳು. ಮೊದಲ ಬೈಟ್‌ಗಳು ಸರಿ, ಕೋಡೆಕ್ ಕುಕ್, ಧಾರೆ ಒಂದೇ, ಅವಧಿ ಐದು ನಿಮಿಷ. ನುಡಿಸಿದರೆ ಆರಂಭದಿಂದಲೇ ಬರೀ ಕರ್ಕಶ. ಅಳತೆ 753 ಕಿಲೋಬೈಟ್, ಇರಬೇಕಾದ 750ಕ್ಕಿಂತ ಒಂದಿಷ್ಟು ಹೆಚ್ಚು. ಫೈಲ್ ಕೆಟ್ಟರೆ ಕುಗ್ಗುವುದು ವಾಡಿಕೆ, ಹಿಗ್ಗುವುದಲ್ಲ. ಹಿಗ್ಗಿದ್ದೇ ಸುಳಿವು.

ಆಗಿದ್ದು ಇಷ್ಟು. ಎಫ್‌ಟಿಪಿ ಎಂಬುದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳುಹಿಸುವ ಹಳೆಯ ಕ್ರಮ. ಅದರಲ್ಲಿ ಫೈಲ್ ಸಾಗಿಸಲು ಎರಡು ವಿಧಾನಗಳಿವೆ, ಪಠ್ಯ ಮತ್ತು ಬೈನರಿ. ವಿಂಡೋಸ್‌ನ ಆದೇಶ ಸಾಲಿನ ಎಫ್‌ಟಿಪಿಯಲ್ಲಿ ನೀವು ಬದಲಿಸದಿದ್ದರೆ ಪಠ್ಯ ವಿಧಾನವೇ ಇರುತ್ತದೆ. ಯೂನಿಕ್ಸ್ ಸಾಲಿನ ಕೊನೆಗೆ 10 ಎಂಬ ಒಂದು ಬೈಟ್ ಇಟ್ಟರೆ ವಿಂಡೋಸ್ 13 ಮತ್ತು 10 ಎಂಬ ಎರಡನ್ನು ಇಡುತ್ತದೆ. ಪಠ್ಯ ವಿಧಾನದಲ್ಲಿ ಯೂನಿಕ್ಸ್ ಸರ್ವರಿನಿಂದ ಇಳಿಸಿಕೊಂಡರೆ ಪ್ರತಿ 10ರ ಹಿಂದೆ ಒಂದು 13 ಸೇರಿಕೊಳ್ಳುತ್ತದೆ. ಕಾಗದಕ್ಕೆ ಇದು ಉಪಕಾರ, ಹಾಡಿಗೆ ವಿಷ. ಒತ್ತಿ ಕುಗ್ಗಿಸಿದ ದತ್ತಾಂಶದಲ್ಲಿ ಯಾವುದೇ ಒಂದು ಬೈಟ್ ಸರಾಸರಿ 256ಕ್ಕೊಮ್ಮೆ ಬರುತ್ತದೆ. 7.5 ಲಕ್ಷ ಬೈಟ್‌ನಲ್ಲಿ ಸುಮಾರು 2900 ಸಲ 10 ಬಂದಿರುತ್ತದೆ, ಅಷ್ಟೇ ಸಂಖ್ಯೆಯ 13 ಹೊಸದಾಗಿ ತೂರಿಕೊಂಡಿರುತ್ತದೆ. 3 ಕಿಲೋಬೈಟ್ ಹಿಗ್ಗಿದ್ದು ಹೀಗೆ. ಕೆಲವೇ ನೂರು ಬೈಟ್‌ಗಳ ತಲೆಭಾಗದಲ್ಲಿ ಅದೃಷ್ಟವಶಾತ್ ಒಂದೂ 10 ಇರಲಿಲ್ಲ, ಹಾಗಾಗಿ ತಲೆ ಆರೋಗ್ಯವಾಗಿ ಕಂಡಿತು.

ಖಚಿತಪಡಿಸಿಕೊಳ್ಳಲು ಹೆಕ್ಸ್ ಎಡಿಟರಿನಲ್ಲಿ ಹಿಂದೆ 13 ಇಲ್ಲದ ಒಂಟಿ 10 ಎಲ್ಲಾದರೂ ಇದೆಯೇ ಹುಡುಕಿ. ಇಡೀ ಫೈಲಿನಲ್ಲಿ ಒಂದೂ ಇಲ್ಲವೆಂದರೆ ರೋಗ ಇದೇ. ಮದ್ದು: 13, 10 ಎಂಬ ಜೋಡಿ ಕಂಡಲ್ಲೆಲ್ಲ ಬರೀ 10 ಎಂದು ಬದಲಿಸಿ. ಮೂಲದಲ್ಲೇ ನಿಜವಾಗಿ 13, 10 ಜೋಡಿ ಇದ್ದಿದ್ದರೆ? ಅಂಥ ಜೋಡಿ ಸಾಗಣೆಯಲ್ಲಿ 13, 13, 10 ಆಗಿರಬೇಕು. ಬದಲಿಸಿದಾಗ ತಾನಾಗಿ 13, 10ಕ್ಕೆ ಮರಳುತ್ತದೆ. ಕೆಲವು ಎಫ್‌ಟಿಪಿ ತಂತ್ರಾಂಶಗಳು ಮಾತ್ರ ಮೊದಲೇ ಇದ್ದ ಜೋಡಿಯನ್ನು ಹಾಗೆಯೇ ಬಿಡುತ್ತಿದ್ದವು. ಆಗ ನೀವು ಮೂಲದ ಬೈಟನ್ನೂ ಕಿತ್ತಂತಾಗುತ್ತದೆ, ಈ ಅಳತೆಯ ಫೈಲಿನಲ್ಲಿ ಹತ್ತು ಹನ್ನೆರಡು ಕಡೆ. ಯಾವುದಾಗಿದೆ ಎಂದು ತಿಳಿಯಲೂ ಉಪಾಯವಿದೆ. ಸೂಚಿ ಎಷ್ಟನೇ ಬೈಟಿನಿಂದ ಶುರುವಾಗುತ್ತದೆ ಎಂಬ ಸಂಖ್ಯೆ ತಲೆಭಾಗದ ಪಿಆರ್‌ಒಪಿ ತುಂಡಿನಲ್ಲಿದೆ. ರಿಪೇರಿಯಾದ ಫೈಲಿನಲ್ಲಿ ಆ ಜಾಗಕ್ಕೆ ಹೋದರೆ ಐಎನ್‌ಡಿಎಕ್ಸ್ ಎಂಬ ನಾಲ್ಕು ಅಕ್ಷರ ಕಾಣಬೇಕು. ಅಲ್ಲೇ ಕಂಡರೆ ಪೂರ್ತಿ ಗುಣ. ಹತ್ತು ಬೈಟ್ ಹಿಂದೆ ಕಂಡರೆ ಹತ್ತು ಬೈಟ್ ಹೆಚ್ಚಾಗಿ ಕಿತ್ತಿದ್ದೀರಿ. ಆಗಲೂ ಗಾಬರಿ ಬೇಡ, ಎಫ್‌ಎಫ್‌ಎಂಪೆಗ್ ತಪ್ಪಿದ ಪ್ಯಾಕೆಟ್ ದಾಟಿ ಮುಂದಿನದನ್ನು ಹುಡುಕಿಕೊಳ್ಳುತ್ತದೆ. ನನ್ನ ನಾಲ್ಕರಲ್ಲಿ ಮೂರು ಸರಿಯಾದ ಜಾಗಕ್ಕೇ ಬಂದು ಕೂತವು. ನಾಲ್ಕನೆಯದು ಒಂಬತ್ತು ಬೈಟ್ ಹಿಂದೆ ನಿಂತಿತು, ಆ ಹಾಡಿನಲ್ಲಿ ಅಲ್ಲಲ್ಲಿ ಒಂದು ತೊದಲು ಉಳಿದಿದೆ.

ಆರ್‌ಎಂಜೆ ಬಾಲದ ಒಂದೇ ಒಂದು ಫೈಲಿಗೆ ಬಿಡುಗಡೆ ಸಿಗಲಿಲ್ಲ. ಅದು ಅದೇ ಕಂಪನಿಯ ಹಾಡು ಉಳಿಸಿಡುವ ತಂತ್ರಾಂಶವಾದ ರಿಯಲ್‌ಜೂಕ್‌ಬಾಕ್ಸ್‌ನಲ್ಲಿ ಮಾಡಿದ್ದು. ಅದರಲ್ಲಿ ಭದ್ರತೆಯ ಆಯ್ಕೆ ಚಾಲೂ ಇದ್ದರೆ ಹಾಡಿಗೆ ಆ ಕಂಪ್ಯೂಟರಿನದೇ ಬೀಗ ಬೀಳುತ್ತಿತ್ತು. ಕಂಪ್ಯೂಟರ್ ಗುಜರಿಗೆ ಹೋದ ದಿನವೇ ಬೀಗದ ಕೈಯೂ ಹೋಯಿತು.

ಉಳಿಸಿಡುವಾಗ ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಮಾದರಿಯಲ್ಲಿ ಉಳಿಸಿ, ಇನ್ನೊಮ್ಮೆ ನಷ್ಟದ ಸಂಕೋಚನಕ್ಕೆ ಒಡ್ಡಬೇಡಿ, ಮೂಲ ಆರ್‌ಎಂ ಅನ್ನೂ ಪಕ್ಕದಲ್ಲೇ ಇಡಿ. ಪರಿವರ್ತನೆಗೆ ಮುನ್ನ ತಲೆಭಾಗದ ಸಿಒಎನ್‌ಟಿ ತುಂಡನ್ನು ಓದಿಕೊಳ್ಳಿ. ಹಾಡಿನ ಹೆಸರು, ಹಾಡಿದವರು, ಟಿಪ್ಪಣಿ ಇರುವುದು ಅಲ್ಲಿ. ನಮ್ಮವುಗಳಲ್ಲಿ ಅದು ಅಡ್ಡಾದಿಡ್ಡಿ ರೋಮನ್ ಅಕ್ಷರ, ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ಚಿಹ್ನೆಗಳಾಗಿ ಕಂಡಿತು. ಫೈಲ್ ಕೆಟ್ಟಿದೆ ಎಂದೇ ಮೊದಲು ಅನ್ನಿಸಿತು. ಕೆಟ್ಟಿರಲಿಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟಿನಲ್ಲಿ ಟೈಪಿಸಿದ್ದರು, ಅಷ್ಟೇ. ನುಡಿ, ಬರಹಗಳ ಹಳೆಯ ಪಠ್ಯವನ್ನು ಯುನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿದಾಗ ಒಂದರಲ್ಲಿ ‘ಹಸೆಗೆ ಕರೆಯುವ ಹಾಡು, ಎರಡನೇ ಸಲ, ಮೊದಲನೆಯದರಲ್ಲಿ ಕೆಮ್ಮು ಬಂತು’ ಎಂದಿತ್ತು.